ಹನ್ನೊಂದು ಹರಿಗೋಲು

ನಾಕಾದ ಖಾತೆ ಪುಸ್ತಕದಲ್ಲಿ ಉರ್ದುವಿನಲ್ಲಿ ಬರೆದಿತ್ತು:
ನಮ್ಮ ಕಡವಿಗೆ ಹನ್ನೊಂದು ಹರಿಗೋಲು.
ಹೊತ್ತು ಮುಳುಗಿದ ಮೇಲೆ ಎಲ್ಲಕ್ಕೂ ಸರಪಳಿ,
ಬೀಗದ ಕೈ ದಾರೋಗಾನ ಸೊಂಟದಲ್ಲಿ.

ಆ ದಡ ಬಳ್ಳಾರಿ ಜಿಲ್ಲೆ, ಕಲ್ದಾರ ರೂಪಾಯಿ, ಮೂರು ಬಣ್ಣದ ಬಾವುಟ.
ಈ ದಡ ಕೊಪ್ಪಳ ಸೀಮೆ, ಹಾಲಿ ಸಿಕ್ಕಾ.
ನಡುವೆ ತುಂಗಭದ್ರೆ, ಯಾವ ನಾಣ್ಯವನ್ನೂ ಕೇಳದೆ
ಬಂಡೆಗಳ ಸಂದಿನಲ್ಲಿ ತನ್ನ ಪಾಡಿಗೆ.

ಯುದ್ಧವೆಂದರೆ ಕುದುರೆ, ಕಹಳೆ ಅಂದುಕೊಂಡಿದ್ದೆ.
ಅಜ್ಜ ಹೇಳಿದ ಯುದ್ಧಕ್ಕೆ
ಹಸಿ ತೊಗಲಿನ ವಾಸನೆಯಿತ್ತು.

ಆಚೆ ಶಿಬಿರದಿಂದ ಈಜಿ ಬಂದವನು ಚಂದಪ್ಪ ಮಾಸ್ತರ,
ಕನ್ನಡಕವನ್ನು ತಲೆಯ ರುಮಾಲಿಗೆ ಕಟ್ಟಿಕೊಂಡು.
ಮರಳ ಮೇಲೆ ಕಡ್ಡಿಯಿಂದ ಗೆರೆ ಎಳೆದ:
'ಇದು ಹೊಳಿ, ಇದು ನಾಕಾ.
ಕಡವು ಯಾರ ಕೈಯಾಗ ಐತೋ, ಹೊಳಿ ಅವರದು.'
ಅಜ್ಜ, ಅಂಬಿಗರ ಜಂಬಣ್ಣ,
ಆ ಗೆರೆಯ ಮೇಲೇ ಕೂತು ಬೀಡಿ ಹಚ್ಚಿದ:
'ಹೊಳಿ ಯಾರದೂ ಅಲ್ಲ ಮಾಸ್ತರ.
ತೊಗಲಿನ ಮಾತಾಡ್ರಿ.'

ಹರಿಗೋಲಿಗೆ ಕಲ್ಲು ತುಂಬಿ ಮಡುವಿನಲ್ಲಿ ಮುಳುಗಿಸಿದರೆ
ಯಾವ ಕಣ್ಣಿಗೂ ಕಾಣದು.
ಆದರೆ ತೊಗಲು ಎಷ್ಟು ರಾತ್ರಿ ತಾಳೀತು?
ಹೊಲಿದ ಹುಸೇನಪ್ಪನನ್ನೇ ಕರೆಸಿದರು.
ಬೀಡಿ ಕೊಟ್ಟರು, ಕೂಡ್ರು ಅನ್ನಲಿಲ್ಲ.
ನಿಂತೇ ಹೇಳಿದ:
'ಎಮ್ಮಿದಾದ್ರ ಮೂರು. ನಾಕನೇ ದಿನಕ್ಕ ಹೊಲಿಗಿ ಬಿಚ್ಚತೈತಿ.'
ದಾಳಿಯ ದಿನ ಹೀಗೆ ಗೊತ್ತಾಯಿತು.
ದಿಲ್ಲಿಯಲ್ಲ, ಮದರಾಸಲ್ಲ,
ಸತ್ತ ಎಮ್ಮೆಯೊಂದು ಗೊತ್ತು ಮಾಡಿತು.

ಬೀಗ ಕಬ್ಬಿಣದ್ದು, ಹಾಕಿದ್ದು ಬಿದಿರಿಗೆ.
ಮೊದಲ ರಾತ್ರಿ ನಾಲ್ಕು ಮುಳುಗಿದವು.
ಬೆಳಿಗ್ಗೆ ದಸ್ತಗೀರ ಮುನ್ಷಿ ಲಾಟೀನು ಆರಿಸಿ ದಡಕ್ಕೆ ಬಂದ,
ಬೆರಳು ಮಡಚಿ ಎಣಿಸಿದ. ಏಳು.
ಅಜ್ಜನ ಮುಖ ನೋಡಿದ. ಹೊಳೆ ನೋಡಿದ.
ಬಲದಿಂದ ಎಡಕ್ಕೆ ಬರೆದ: ಗ್ಯಾರಾ.
ಎರಡನೆಯ ಬೆಳಿಗ್ಗೆ ಮೂರು ಉಳಿದಿದ್ದವು.
ಗ್ಯಾರಾ.
ಅಂಜಿಕೆಯೋ, ಗೆಳೆತನವೋ, ನೌಕರಿಯ ಚಿಂತೆಯೋ.
ಅಜ್ಜ ಎಂದೂ ಕೇಳಲಿಲ್ಲ.
ನೀನೂ ಕೇಳಬ್ಯಾಡ ಎಂದ.

ಮೂರನೆಯ ರಾತ್ರಿ ಅಮಾವಾಸ್ಯೆ.
ಎದೆಮಟ್ಟ ನೀರಲ್ಲಿ ನಿಂತು ಕಲ್ಲು ಎತ್ತಿ ಎತ್ತಿ ಎಸೆದರು,
ಮಡುವಿನಿಂದ ಎಮ್ಮೆಗಳ ಹಾಗೆ ಎದ್ದವು ಎಂಟೂ.
ಖಾಲಿ ಹೋಗಿ ತುಂಬಿ ಬಂದವು, ತಿರುತಿರುಗಿ,
ಹರಿಗೋಲಿಗೆ ನೇರ ಹೋಗಿ ಗೊತ್ತಿಲ್ಲ.
ನಲವತ್ತು ಜನ, ಆರು ಬಂದೂಕು,
ಅದರಲ್ಲೂ ಎರಡು ತೋಯ್ದಿದ್ದವು.

ಕೋಳಿ ಕೂಗುವ ಹೊತ್ತಿಗೆ ನಾಕಾದ ಮೇಲೆ ಬಾವುಟ.
ಮಾಸ್ತರ ಮಾತ್ರ ದಡ ಹತ್ತಲಿಲ್ಲ.
ಕನ್ನಡಕ ಕಟ್ಟಿದ ರುಮಾಲು ಏಳು ದಿನಕ್ಕೆ
ಕಂಪ್ಲಿಯ ಹತ್ತಿರ ಜಾಲಿಕಂಟಿಗೆ ಸಿಕ್ಕಿತ್ತಂತೆ.

ಇಲ್ಲಿಗೆ ನಿಲ್ಲಿಸಿದರೆ
ಸೆಪ್ಟೆಂಬರ್ ಹದಿನೇಳರ ಭಾಷಣಕ್ಕೆ ಚೆನ್ನಾಗಿ ಒಗ್ಗುತ್ತದೆ.
ಅಜ್ಜ ನಿಲ್ಲಿಸುತ್ತಿರಲಿಲ್ಲ.

ಭಾದ್ರಪದದಲ್ಲಿ ಸರಕಾರ ಬದಲಾಯಿತು.
ನಾಲ್ಕು ದಿನಕ್ಕೆ ಗೆದ್ದ ಕಡೆಯ ಪಂಜುಗಳು
ಓಣಿ ಓಣಿ ಹೆಸರು ಹಿಡಿದು ಹುಡುಕತೊಡಗಿದವು.
ನಮ್ಮ ಹಿತ್ತಲಲ್ಲಿ ದಸ್ತಗೀರ, ಅವನ ಹೆಂಡತಿ,
ಮೂರು ಮಕ್ಕಳು, ಒಂದು ಹೊಲಿಗೆ ಯಂತ್ರ.
ಅಜ್ಜಿ ಹುಲಿಗೆವ್ವ ದೀಪ ಆರಿಸಿದಳು.
ಅಜ್ಜ ಹುಟ್ಟು ತೆಗೆದ.

ನಡುಹೊಳೆಯಲ್ಲಿ ಮುನ್ಷಿ ಕೇಳಿದನಂತೆ:
'ಜಂಬಣ್ಣ, ಈಗ ಕಡವು ಯಾರದು?'
ಅಜ್ಜ ಹುಟ್ಟು ಹಾಕುತ್ತಲೇ ಇದ್ದ.
ಮಗುವಿನ ಬಾಯಿಗೆ ಒತ್ತಿದ ಸೆರಗು,
ತೊಗಲಿಗೆ ನೀರು ಬಡಿಯುವ ಸದ್ದು.
ಆ ಖೇಪು ಯಾವ ಖಾತೆಯಲ್ಲೂ ಇಲ್ಲ.

ಈಗ ಕಡವು ಆಣೆಕಟ್ಟಿನ ಹಿನ್ನೀರಿನ ಅಡಿ.
ಬಿರುಬೇಸಿಗೆಯಲ್ಲಷ್ಟೇ ನಾಕಾದ ಕಟ್ಟೆ ತಲೆ ಎತ್ತುತ್ತದೆ.
ಹೋದ ವರ್ಷ ಹೋಗಿದ್ದೆ.
ಕೆಸರಲ್ಲಿ ಸರಪಳಿಯ ಎರಡು ಕೊಂಡಿ ಸಿಕ್ಕವು,
ಅಲ್ಲೇ ಬಿಟ್ಟೆ.
ದೂರದಲ್ಲಿ ಪ್ಲಾಸ್ಟಿಕ್ ಹೊದಿಸಿದ ಹರಿಗೋಲಿನಲ್ಲಿ
ಹುಡುಗನೊಬ್ಬ ಬಲೆ ಬೀಸುತ್ತಿದ್ದ,
ತನ್ನ ಸುತ್ತ ತಾನೇ ತಿರುಗುತ್ತ.