ಬತ್ತಿ ಇಳಿಸುವುದು

ಎಣಿಸು ಅಂದರು, ಎಣಿಸಿದೆ.
ನಗರಸಭೆಯ ಹಳೆ ಕಟ್ಟಡ, ನಿಜಾಮರ ಕಾಲದ ಕಲ್ಲುಗೋಡೆ,
ಮೇಲಿನ ಮಾಳಿಗೆ ಸೇರಿ
ಟ್ಯೂಬ್‌ಲೈಟು ನೂರಾ ಹನ್ನೆರಡು,
ಫ್ಯಾನು ಅರವತ್ತೇಳು, ಅದರಲ್ಲಿ ಒಂಬತ್ತು
ತಿರುಗುವುದು ತಮ್ಮ ಹಟಕ್ಕೆ, ಗಾಳಿಗಲ್ಲ.
ಏಸಿ ಹದಿನಾಲ್ಕು.
ಹದಿನಾಲ್ಕನೆಯದು ರೆಕಾರ್ಡ್ ರೂಮಿನಲ್ಲಿ,
ತೀರಿಹೋದವರ ಖಾತೆಗಳಿಗೆ
ಹಗಲೂ ರಾತ್ರಿ ತಂಪು ಊದುತ್ತ.

ನಾನು ಮೌನೇಶ, ಹೊರಗುತ್ತಿಗೆ ವೈರ್‌ಮನ್.
ಇಪ್ಪತ್ತು ವರ್ಷ ಹಚ್ಚುವುದೇ ಕೆಲಸ;
ಆರಿಸು ಎಂದು ಕಾಗದ ಬಂದದ್ದು ಇದೇ ಮೊದಲು.

ತೀನ್ ಕಂದೀಲ್ ದಾಟಿ ದಿನಾ ಸೈಕಲ್ ತುಳಿಯುತ್ತೇನೆ.
ಕಂದೀಲು ಯಾವಾಗಲೋ ಹೋದವು, ಹೆಸರು ಉಳಿದಿದೆ.
ಈಗಿನ ದೀಪಗಳು ಬೆಳಿಗ್ಗೆ ಹತ್ತಾದರೂ ಉರಿಯುತ್ತವೆ
ಏಪ್ರಿಲ್ ಬಿಸಿಲಿನ ಮುಖಕ್ಕೆ ಟಾರ್ಚ್ ಹಿಡಿದಂತೆ.

ಅಂಗಳದ ಬೇವಿನಡಿ ಜಿಲಾನಿಯ ಜೀಪು
ಗಂಟೆಗಟ್ಟಲೆ ಗುರುಗುಡುತ್ತ ನಿಂತಿರುತ್ತದೆ.
ಪಟ್ಟಿಯಲ್ಲಿ ಗಾಡಿಗಳೂ ಇದ್ದವು, ಕೇಳಿದೆ:
ಯಾಕಣ್ಣ, ಬಂದ್ ಮಾಡಬಾರದಾ?
"ಬಂದ್ ಮಾಡಿದ್ರ ಚಾಲೂ ಮಾಡೋರು ಯಾರಪ?
ಸೆಲ್ಫ್ ಹೋಗಿ ಹದಿನಾರು ತಿಂಗಳಾತು.
ಎಸ್ಟಿಮೇಟ್ ಇನ್ನಾ ಮ್ಯಾಲ ಐತಿ.
ದೂಡಾಕ ನಾಕು ಮಂದಿ ಬೇಕು,
ಸುಡಾಕ ಡೀಸೆಲ್ ಒಂದಾದ್ರ ಸಾಕು."
ಲಾಗ್‌ಬುಕ್ಕು ತೆರೆದೆ. ನಿಂತಲ್ಲೇ ನಿಂತ ಜೀಪು
ಆ ತಿಂಗಳು ದೇವದುರ್ಗಕ್ಕೆ ಒಂಬತ್ತು ಸಲ ಹೋಗಿ ಬಂದಿತ್ತು.
ನಾನೇನೂ ಬರೆಯಲಿಲ್ಲ. ಅವನೂ ಹೊರಗುತ್ತಿಗೆ.

ಪಟ್ಟಿ ಮಡಚುವಾಗ ಅವ್ವ ನೆನಪಾದಳು.
ರೊಟ್ಟಿ ಬುಟ್ಟಿ ಮುಚ್ಚಿಟ್ಟ ಮೇಲೆ
ಗೂಡಿನ ಚಿಮಣಿಗೆ ಕೈ ಚಾಚಿ
ಸೂಜಿಯಿಂದ ಬತ್ತಿ ಇಳಿಸುತ್ತಿದ್ದಳು, ಕಡಲೆಕಾಳಿನಷ್ಟು.
"ಮಕ ಕಂಡ್ರ ಸಾಕು, ಮಾತಿಗ್ಯಾಕ ಬೆಳಕು?"

ಈಗಲೂ ನಮಗೆ ಚಿಮಣಿ ಇದೆ, ಶಕ್ತಿನಗರದಲ್ಲಿ,
ಮುಗಿಲಿಗೆ ಒರಗಿ.
ಗಾಳಿ ಈಚೆ ತಿರುಗಿದ ದಿನ
ಒಣಗಲು ಹಾಕಿದ ಅರಬಿಯ ಮೇಲೆ ಅದರ ಬೂದಿ.
ಅಷ್ಟೆತ್ತರದ ಬತ್ತಿಗೆ ಸೂಜಿ ಎಲ್ಲಿಂದ ತರಲಿ?

ಟಪಾಲು ಶಾಖೆಯ ಪ್ಲೈವುಡ್ ಛಾವಣಿ ಬಿಚ್ಚಿದಾಗ
ಮೇಲೆ, ಕತ್ತಲಲ್ಲಿ, ಹನ್ನೊಂದು ಗವಾಕ್ಷಿ,
ಏಸಿ ಬಂದ ವರ್ಷ ಇಟ್ಟಿಗೆ ಇಟ್ಟು ಮುಚ್ಚಿದ್ದು.
ಕಟ್ಟಿದವನು ಬಿಸಿಲು ಬಲ್ಲವನು:
ಮೂರು ಮೊಳದ ಗೋಡೆ,
ಬಿಸಿಗಾಳಿಗೆ ಏರಿ ಹೋಗಲು ಹಾದಿ.
ಗೌಂಡಿ ತಾಯಪ್ಪ ಮೊದಲ ಇಟ್ಟಿಗೆ ಕಿತ್ತಾಗ
ಧೂಳಿನದೊಂದು ಕೋಲು ಓರೆಯಾಗಿ ಇಳಿದು
ಶಕೀಲಾಬಾನುವಿನ ಟೇಬಲ್ಲಿನ ಮೇಲೆ ನಿಂತಿತು.
ಹನ್ನೆರಡು ವರ್ಷ ಅಲ್ಲೇ ಕೂತವಳು
"ಅಯ್ಯ, ಈ ಗ್ವಾಡಿ ಹಸಿರು ಬಣ್ಣದ್ದೇನು?" ಎಂದಳು.

ಒಮ್ಮೆಲೇ ತಂಪಾಗಲಿಲ್ಲ, ಸುಳ್ಳು ಹೇಳಬಾರದು.
ಮೇ ತಿಂಗಳಿಡೀ ಎಲ್ಲರೂ ನನ್ನ ಬೈದರು.
ಅಧ್ಯಕ್ಷರ ಕೋಣೆಯ ಏಸಿ ಮುಟ್ಟಲು ಧೈರ್ಯವಾಗಲಿಲ್ಲ,
ಅದು ಹಾಗೇ ಇದೆ.
ಎಲ್‌ಇಡಿ ಬಂದವು. ಜೀಪಿಗೆ ಕೊನೆಗೂ ಸೆಲ್ಫ್ ಬಂತು.
ಜಿಲಾನಿ ಬೇವಿನಡಿ ಎಂಜಿನ್ ನಿಲ್ಲಿಸಿದ ಮಧ್ಯಾಹ್ನ
ಮರದಲ್ಲಿ ಗಿಳಿಗಳಿದ್ದದ್ದು ಗೊತ್ತಾಯಿತು.

ರಸ್ತೆಗೆ, ನಲ್ಲಿಗೆ, ಶೌಚಾಲಯಕ್ಕೂ
ಕಲ್ಲು ನೆಟ್ಟು ಹೆಸರು ಕೆತ್ತುತ್ತಾರೆ.
ಉರಿಯದ ದೀಪಕ್ಕೆ ಟೇಪು ಕತ್ತರಿಸುವವರಿಲ್ಲ.
ಉಳಿದ ಯೂನಿಟ್ಟು ಫೋಟೋದಲ್ಲಿ ಬೀಳುವುದಿಲ್ಲ.

ಶ್ರಾವಣದಲ್ಲಿ ಬಂದರು ಜೆಸ್ಕಾಂನ ಇಬ್ಬರು.
ಮೀಟರಿನ ಗಾಜು ಕುಟ್ಟಿದರು, ಸೀಲು ಎಳೆದು ನೋಡಿದರು,
ತಂತಿಯ ಜಾಡು ಹಿಡಿದು ಗೋಡೆಯುದ್ದಕ್ಕೂ ನಡೆದರು.
"ಬಿಲ್ಲು ಮೂರರಾಗ ಒಂದು ಪಾಲು ಕಮ್ಮಿ ಬಂದದ.
ಹುಕ್ ಎಲ್ಲಿ ಹಾಕೀರಿ, ಖರೇ ಹೇಳ್ರಿ."
ಹಾಕಿಲ್ರಿ.
"ಮತ್ತ?"
ಕಿಡಿಕಿ ತಗದೀವ್ರಿ, ಎಂದೆ.
ಅವರು ನಗಲಿಲ್ಲ.
ವರದಿಯಲ್ಲಿ ಬರೆದುಕೊಂಡರು:
ಕಾರಣ ತಿಳಿದುಬಂದಿಲ್ಲ. ಮೀಟರ್ ಬದಲಿಸತಕ್ಕದ್ದು.