ಗೊದಮೊಟ್ಟೆಗಳು

ಕಂದಾಯದ ರಸೀದಿ ಹುಡುಕುತ್ತಿದ್ದೆ.
ಬೀರುವಿನ ಕೆಳಖಾನೆಯಲ್ಲಿ, ಖಾತಾ ನಕಲಿನ ಅಡಿ
ಸಿಕ್ಕಿದ್ದು ಇದು: ನೀಲಿ ಶಾಯಿಯ ತ್ರಿಶೂಲ,
ಉಪ್ಪುಗಾಳಿಗೆ ಅಲೆಯಲೆಯಾಗಿ ಸೊಟ್ಟಗಾದ ಕಾಗದ,
ಕನ್ನಡದಲ್ಲಿ ಹೇಳುವುದಾದರೆ,
ಸಮುದ್ರರಾಜನ ಸಮಕ್ಷಮದಲ್ಲಿ ಕುಮಾರಿ ವೈಜಯಂತಿ
ಇಂದಿನಿಂದ ಗೊದಮೊಟ್ಟೆಯಲ್ಲ.
ಸಹಿ ಹಾಕಿದವನು ಹಡಗಿನ ಅಡುಗೆಭಟ್ಟ.

ಎಂಬತ್ತಾರನೇ ಇಸವಿ. ನೂರಾ ಹನ್ನೆರಡು ವಿದ್ಯಾರ್ಥಿಗಳು,
ಡೀಸೆಲ್ಲಿಗೂ ಸಾರಿಗೂ ಒಂದೇ ವಾಸನೆಯ ಹಳೆಯ ಹಡಗು.
ಬೆಳಿಗ್ಗೆ ಸಮುದ್ರಶಾಸ್ತ್ರ, ಮಧ್ಯಾಹ್ನ ವಾಂತಿ.
ನಾನು ಮಲ್ಲೇಶ್ವರದವಳು. ಅಲ್ಲಿಯತನಕ ಕಂಡ ದೊಡ್ಡ ನೀರು
ಸ್ಯಾಂಕಿ ಕೆರೆ.

ಭೂಮಧ್ಯರೇಖೆ ಬರುವ ದಿನ ಕಂಬಿಗೆ ಆತು ನಿಂತೆವು,
ಏನೋ ಕಾಣುತ್ತದೆಂದು.
ನೀರು ನೀರಾಗಿಯೇ ಇತ್ತು.

ಆಮೇಲೆ ಕೊಂಬು ಊದಿತು. ನೆಲ ಒರೆಸುವ ಮಾಪಿನ ಗಡ್ಡ ಕಟ್ಟಿ
ಅಡುಗೆಭಟ್ಟ ಬಂದ. ರಾಣಿಯಾಗಿ ಎರಡನೇ ಎಂಜಿನಿಯರು,
ಎದೆಗೆ ಎರಡು ತೆಂಗಿನ ಚಿಪ್ಪು, ಬಾಯಲ್ಲಿ ಬೀಡಿ.
ಗೊದಮೊಟ್ಟೆಗಳೇ, ತೆವಳಿ ಬನ್ನಿ ಅಂದರು. ತೆವಳಿದೆವು.
ಹಳಸಿದ ಗಂಜಿ, ಅರೆದ ಸಾಸಿವೆ, ಎಂಜಿನ್ನಿನ ಗ್ರೀಸು
ಮೈಮೇಲೆಲ್ಲ ಒಗ್ಗರಣೆ.
ಕೊನೆಗೆ ತಟ್ಟೆಯಲ್ಲಿ ಒಂದು ಮೀನು. ಮುತ್ತಿಡು!

ನಮ್ಮ ಮನೆಯಲ್ಲಿ ಈರುಳ್ಳಿಗೂ ತಿಥಿ ವಾರ ನೋಡುವವರು.
ಹಿಂದೆ ನಿಂತಿದ್ದ ಕಾರವಾರದ ಸುಗಂಧಾ ಹರಿಕಂತ್ರ
ಕಿವಿಯಲ್ಲಿ ಅಂದಳು:
ಹೆದ್ರಬೇಡ, ಅದು ಸತ್ತು ವಾರ ಆಯ್ತು,
ನಿನ್ನ ಜಾತಿ ಕೇಳೂದಿಲ್ಲ.
ಮುತ್ತಿಟ್ಟೆ. ತಣ್ಣಗಿತ್ತು, ತೊಳೆದಿಟ್ಟ ಸೌಟಿನ ಹಾಗೆ.

ಕತ್ತರಿ ಹಿಡಿದವ ಕೂಗಿದ: ತಲೆ ಯಾರು ಕೊಡುತ್ತೀರಿ?
ಕೆಲವು ಹುಡುಗರ ಕೈ ಎದ್ದವು. ನನ್ನದು
ನನ್ನನ್ನು ಕೇಳದೆ ಮೇಲೆ ಹೋಗಿತ್ತು.
ಉತ್ತರಾರ್ಧಗೋಳದಲ್ಲಿ ಕತ್ತರಿಸಿದ ಜಡೆ
ದಕ್ಷಿಣಾರ್ಧಗೋಳದಲ್ಲಿ ಬಿತ್ತೆಂದು ಚಪ್ಪಾಳೆಯೋ ಚಪ್ಪಾಳೆ.

ಮೂರು ವಾರಕ್ಕೆ ವಾಪಸು. ಮದರಾಸಿನ ರಾತ್ರಿ ರೈಲಿನಿಂದ
ಕಂಟೋನ್ಮೆಂಟಿನಲ್ಲಿ ಇಳಿದಾಗ
ಬೆಂಗಳೂರಿನ ಚಳಿ ನೇರ ನೆತ್ತಿಗೇ ಕೂತಿತು.
ಅಮ್ಮ ಹೊಸ್ತಿಲಲ್ಲೇ ಕುಸಿದಳು. ಅಪ್ಪ ಪೇಪರಿನಿಂದ ಮುಖ ಎತ್ತಲಿಲ್ಲ.
ಅಕ್ಕಪಕ್ಕದವರಿಗೆ ತಿರುಪತಿ ಅನ್ನುವುದೆಂದು
ಕಾಫಿ ಆರುವುದರೊಳಗೆ ತೀರ್ಮಾನವಾಯಿತು.

ಹಿತ್ತಿಲ ಕೋಣೆಯಿಂದ ಚೂಡತ್ತೆ ಬಂದಳು,
ಅಪ್ಪನ ಸೋದರತ್ತೆ, ಚೂಡಾಮಣಿ,
ಕೆಂಪು ಸೀರೆಯ ಸೆರಗು ಜಾರದಂತೆ ಒಂದು ಕೈ ತಲೆಗೆ.
ಇನ್ನೊಂದನ್ನು ನನ್ನ ನೆತ್ತಿಯ ಮೇಲಿಟ್ಟಳು.
ತಿಂಗಳು ತಿಂಗಳೂ ಹಿತ್ತಿಲ ಬಾಗಿಲಿಗೆ ಬರುತ್ತಿದ್ದ
ಮುನಿವೆಂಕಟನ ಕತ್ತಿಯನ್ನು
ಹದಿನೇಳನೇ ವಯಸ್ಸಿನಿಂದ ಬಲ್ಲ ಕೈ.

"ಸರಿಯಾಗಿ ಬೋಳಿಸಿಲ್ಲ. ಕಿವಿಯ ಹಿಂದೆ ಬಿಟ್ಟಿದಾನೆ."
ಸ್ವಲ್ಪ ತಡೆದು,
"ನಿನ್ನ ಕೇಳಿ ಮಾಡಿದರೇನೆ?"
"ಹೂಂ."
"ನೀರು ಹುಯ್ದರೇ?"
"ಪೈಪಿನಲ್ಲಿ. ಸಮುದ್ರದ್ದು."
"ಆಮೇಲೆ ಊಟ?"
"ಐಸ್‌ಕ್ರೀಮು. ಕುಣಿತ. ಎಲ್ಲರೂ ಬಂದು ಕೈ ಕುಲುಕಿದರು."
ಕೈ ನೆತ್ತಿಯ ಮೇಲೇ ಇತ್ತು, ಬಹಳ ಹೊತ್ತು.
"ಯಾವ ಗೆರೆಯೋ ಅದು.
ನಮ್ಮ ಕಡೆ ಹಾಯಲಿಲ್ಲ."

ಈಗ ದಿನವೂ ಬಸ್ಸಿನಲ್ಲಿ ಹದಿಮೂರನೇ ಅಕ್ಷಾಂಶ ದಾಟುತ್ತೇನೆ.
ಮಲ್ಲೇಶ್ವರದ ಎಂಟನೇ ಕ್ರಾಸಿನ ಆಚೀಚೆ ಎಲ್ಲೋ ಇದೆ ಅದು,
ಹೂವಿನ ಬುಟ್ಟಿಗಳಿಗೂ ಔಷಧಿ ಅಂಗಡಿಗೂ ನಡುವೆ.
ಯಾರೂ ಕೊಂಬು ಊದುವುದಿಲ್ಲ.
ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದು
ಮುಂದಿನ ಸೀಟಿಗೆ ಹೋಗುತ್ತಾನೆ.
ಒಮ್ಮೊಮ್ಮೆ ನನ್ನ ಕೈ ಕಿವಿಯ ಹಿಂದಕ್ಕೆ ಹೋಗಿ
ಬಿಟ್ಟುಹೋದದ್ದನ್ನು ತಡಕುತ್ತದೆ.

ರಸೀದಿ ಇನ್ನೂ ಸಿಕ್ಕಿಲ್ಲ.