ಮೂರು ಪರ್ಸೆಂಟು

ಜಿಲ್ಲಾಸ್ಪತ್ರೆ ಡಾಕ್ಟರು
ನನ್ನ ಎಡಗಾಲಿಗೆ ಟೇಪು ಹಿಡಿದು ಅಳೆದರು,
ಟೈಲರ್ ಅಲ್ಲಾಬಕಾಷ್ ಕುಪ್ಪಸಕ್ಕೆ ಅಳತೆ ತಗೊಳ್ಳೋ ಹಾಗೆ.
ಮಂಡಿಗೆ ಸುತ್ತಿಗೆ ತಟ್ಟಿದರು.
ಅಂಗೈ ಒಡ್ಡಿ ‘ತಳ್ಳಮ್ಮ’ ಅಂದರು. ತಳ್ಳಿದೆ.
ಎಪ್ಪತ್ತೆರಡು ಅಂತ ಬರೆದರು.

ಹಣೆಬರಹ ಬರೆಯೋನು ಆರನೇ ದಿನ ರಾತ್ರಿ ಬರ್ತಾನಂತೆ,
ಹೆತ್ತವಳಿಗೂ ಕಾಣದ ಹಾಗೆ.
ಇವರು ಹಗಲಲ್ಲೇ, ನೀಲಿ ಪೆನ್ನಲ್ಲೇ ಬರೆದು
ಸೀಲು ಒತ್ತಿ, ಮುಂದಿನವರು ಬನ್ನಿ ಅಂದರು.

ಎಪ್ಪತ್ತೈದು ದಾಟಿದ್ದರೆ ತಿಂಗಳಿಗೆ ಸಾವಿರದ ನಾನೂರು.
ದಾಟದಿದ್ದರೆ ಎಂಟುನೂರು.
ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟದ ತನಕ ಬಸ್ಸಲ್ಲಿ
ಆ ಕಾಲನ್ನ ಈ ತೊಡೆ ಮೇಲೆ ಎತ್ತಿಟ್ಟುಕೊಂಡು ಹುಡುಕಿದೆ:
ಎಲ್ಲಿ ಬಚ್ಚಿಟ್ಟಿದ್ದೀಯೇ ಆ ಮೂರು ಪರ್ಸೆಂಟು?
ಹಿಮ್ಮಡಿಯಲ್ಲೋ, ಕಿರುಬೆರಳ ಸಂದಿಯಲ್ಲೋ?
ಇಲ್ಲಾ, ತಳ್ಳಮ್ಮ ಅಂದಾಗ
ಪರರ ಮುಂದೆ ಮಾನ ಹೋಗಬಾರದು ಅಂತ
ಇರೋ ಉಸಿರೆಲ್ಲ ಕಟ್ಟಿ ತಳ್ಳಿದೆನಲ್ಲ,
ಅಲ್ಲೇ ಹೋಯಿತೋ?

ಇರಲಿ. ಎಂಟುನೂರು ಬರುತ್ತಿತ್ತು.
ಯುಗಾದಿ ಆದಮೇಲೆ ಅದೂ ನಿಂತಿತು.

ಕಂಪ್ಯೂಟರ್ ಅಂಗಡಿ ಹುಡುಗ ರೆಡ್ಡಪ್ಪ
ಯಂತ್ರದ ಮೇಲೆ ನನ್ನ ಹೆಬ್ಬೆಟ್ಟು ಒತ್ತಿಸಿದ,
ತೋರುಬೆರಳು ಒತ್ತಿಸಿದ, ಹತ್ತೂ ಆಯಿತು.
ಕೆಂಪು ದೀಪ.
‘ಪಡಲೇದಕ್ಕಾ’ ಅಂದ.
ತಲೆಗೂದಲಿಗೆ ಉಜ್ಜು ಅಂದ, ನಿಂಬೆಹಣ್ಣು ಹಚ್ಚು ಅಂದ.
ಕೆಂಪು.

ಇಪ್ಪತ್ತಾರು ವರ್ಷದಿಂದ ಬಿಸಿನೀರಲ್ಲಿ ಗೂಡು ಬಿಚ್ಚೋ ಕೈ.
ಎಳೆಯ ತುದಿ ಕಣ್ಣಿಗೆ ಕಾಣೋಕೆ ಮುಂಚೆ
ಬೆರಳಿಗೆ ಸಿಗುತ್ತೆ, ಅಷ್ಟು ನುಣ್ಣಗೆ.
ಗೆರೆಗಳು ಯಾವತ್ತು ಬೆಂದು ಹೋದವೋ,
ಯಾವ ಸೀರೆಯ ಮಡಿಕೆಯಲ್ಲಿ ಕೂತವೋ.
ಯಾರದೋ ಮದುವೆಗೆ ಹೋಗಿರಬೇಕು ನನ್ನ ಹೆಬ್ಬೆಟ್ಟು,
ಹೋಳಿಗೆ ಉಂಡು, ಎಲೆಯಡಿಕೆ ಹಾಕಿಕೊಂಡು
ಬರೋದು ಮರೆತೈತೆ.

ಬೆರಳಿಗೆ ಎಷ್ಟು ಪರ್ಸೆಂಟು ಕೊಡ್ತಾರಪ್ಪ ಅಂತ ಕೇಳಿದೆ.
ಬೆರಳು ಚೆನ್ನಾಗೇ ಐತಲ್ಲಕ್ಕ, ಅಂದ.

ತಾಲ್ಲೂಕು ಕಚೇರಿಯಲ್ಲಿ ಇಳಿಜಾರು ಕಟ್ಟಿಸವ್ರೆ,
ಅದರ ಮೇಲೆ ಯಾರದೋ ಬೈಕು ಮಲಗೈತೆ.
ಮೆಟ್ಟಿಲ ಮೇಲೆ ಕೂತು ಕೂತೇ ಹತ್ತಿದೆ.
ಗುಮಾಸ್ತೆ ಸುಗುಣಮ್ಮ ಒಳ್ಳೆಯವಳು, ನೀರು ಕೊಟ್ಟಳು:
‘ನಾಲ್ಕು ದಿನ ಕೈ ನೀರಿಗೆ ಇಡಬೇಡ ಮುನಿರತ್ನಮ್ಮ,
ಗೆರೆ ಚಿಗುರುತ್ತೆ.’

ನಾಲ್ಕು ದಿನ ರಾಣಿ ಹಾಗೆ ಕೂತೆ.
ಮಗಳು ಪಾತ್ರೆ ತೊಳೆದಳು, ಮುದ್ದೆ ತಿರುವಿದಳು, ಗಂಟು ಗಂಟು.
ನಾನು ಬೆರಳಿಗೆ ಕೊಬ್ಬರಿ ಎಣ್ಣೆ ಸವರಿ
ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದೆ,
ಬಿತ್ತಿದ ರಾಗಿ ಮೊಳೆಯಿತಾ ಅಂತ ಬಗ್ಗಿ ನೋಡೋ ಹಾಗೆ.
ಅಲ್ಲಿ ಇಮ್ತಿಯಾಜ್ ಸಾಬರು ನನ್ನ ಜಾಗಕ್ಕೆ
ಬೇರೆ ಯಾರನ್ನೋ ಕೂರಿಸಿದರು.
ದಿನಕ್ಕೆ ಮುನ್ನೂರೈವತ್ತು, ನಾಲ್ಕು ದಿನ.
ಬೆರಳು ಮಡಿಸಿ ಎಣಿಸಿದೆ, ಲೆಕ್ಕಕ್ಕೆ ಗೆರೆ ಬೇಕಿಲ್ಲ:
ಸಾವಿರದ ನಾನೂರು.

ಒಬ್ಬಳೇ ನಕ್ಕೆ. ಮಗಳು ಒಲೆ ಬಿಟ್ಟು ಓಡಿಬಂದಳು.
ಸಿಕ್ಕಿತು ಕಣೇ ಆ ಮೂರು ಪರ್ಸೆಂಟು, ಅಂದೆ,
ನಾನೇ ಕಟ್ಟಿಬಿಟ್ಟೆ.

ಐದನೇ ದಿನ ಹಸಿರು ದೀಪ ಬಂತು.
ಎಡಗೈಯ ಉಂಗುರದ ಬೆರಳಿಗೆ,
ಇವತ್ತಿನವರೆಗೂ ಉಂಗುರ ಕಾಣದ್ದಕ್ಕೆ.
ರೆಡ್ಡಪ್ಪ ಚಪ್ಪಾಳೆ ತಟ್ಟಿದ.
ಫೋನಿಗೆ ಮೆಸೇಜು ಬರುತ್ತೆ ಅಂದ. ಯಾವಾಗ ಅಂತ ಅವನಿಗೂ ಗೊತ್ತಿಲ್ಲ.

ಮನೆಗೆ ಹೋಗಲಿಲ್ಲ, ಸೀದಾ ಕೆಲಸಕ್ಕೆ ಹೋದೆ.
ಹೊಸಬಳು ತುದಿ ಸಿಗದೆ ಗೂಡು ಕೆದಕುತ್ತಿದ್ದಳು.
ಸರಿಯೇ ಅತ್ತ, ಅಂದೆ.
ಕಾಲನ್ನ ಎರಡೂ ಕೈಯಲ್ಲಿ ಎತ್ತಿ ಮಣೆ ಪಕ್ಕ ಇಟ್ಟು
ಹಬೆಯೊಳಗೆ ಕೈ ಇಳಿಸಿದೆ,
ಒಂದೇ ಒಂದು ಬೆರಳನ್ನ, ಆ ಉಂಗುರದ್ದನ್ನ,
ನೀರಿಂದ ಮೇಲೆ ಎತ್ತಿ ಹಿಡಿದು.